ಅಂಕಿ ದಿನದ್ದೋ, ಮನುಷ್ಯನದ್ದೋ?

ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರಕ್ಕೆ ಬಂದು ರಕ್ತ ತಪಾಸಣೆ ಮಾಡಿಸಿದವರ ರಿಪೋರ್ಟಿನಲ್ಲಿ ಸಿಆರ್‌ಪಿ ಎಂಬ ಸಾಲಿನ ಅಂಕಿ ದಪ್ಪಕ್ಷರದಲ್ಲಿ ಬಂತೆನ್ನಿ. ಮನೆಮಂದಿ ಅದನ್ನು ಆ ಮನುಷ್ಯನ ಗುಣವೆಂದೇ ಓದುತ್ತಾರೆ: ‘ಇವನ ಮೈಯಾಗ ಉರಿಯೂತ ಐತಿ.’ ನನ್ನ ತಕರಾರು ಇಲ್ಲಿಂದಲೇ ಶುರು. ಆ ಅಂಕಿ ಮನುಷ್ಯನದ್ದೋ, ರಕ್ತ ಕೊಟ್ಟ ದಿನದ್ದೋ?

ಸಿಆರ್‌ಪಿ ಎಂಬ ಪ್ರೋಟೀನನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಸೋಂಕೋ ಗಾಯವೋ ಆದ ಕೆಲವೇ ತಾಸಿನಲ್ಲಿ ಯಕೃತ್ತು ಅದನ್ನು ರಕ್ತಕ್ಕೆ ಬಿಡತೊಡಗುತ್ತದೆ. ಎರಡು ದಿನದ ಹೊತ್ತಿಗೆ ಅದು ತುದಿ ಮುಟ್ಟುತ್ತದೆ. ಕಾರಣ ನಿಂತ ಮೇಲೆ ಸುಮಾರು 19 ತಾಸಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ದ್ರಾಕ್ಷಿ ಬಳ್ಳಿಯ ಚಾಟ್ನಿ (ಸವರುವ ಕೆಲಸ) ಮಾಡುವಾಗ ಕತ್ತರಿ ತಾಗಿ ಕೀವಾದ ಬೆರಳು, ವಸಡಿನ ಬಾವು, ಆಗಷ್ಟೇ ಬಿಟ್ಟ ಜ್ವರ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ಈ ಚಂಚಲತೆ ದೋಷವಲ್ಲ. ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ವೈದ್ಯರಿಗೆ ತಿಳಿಯುವುದೇ ಇದರಿಂದ. ತೊಡಕಿರುವುದು ಇದೇ ಅಂಕಿಯಿಂದ ಹೃದಯದ ಮುಂದಿನ ಹತ್ತು ವರ್ಷಗಳ ಭವಿಷ್ಯ ಕೇಳುವಲ್ಲಿ. ಒಂದು ಮಳೆಯ ಮರುದಿನ ಬಾವಿಗೆ ಇಣುಕಿ ಅದರ ಸೆಲೆ ಅಳೆಯುವ ರೈತ ನಮ್ಮ ಸೀಮೆಯಲ್ಲಿಲ್ಲ. ಅದಕ್ಕೇ 2003ರಲ್ಲಿ ಅಮೆರಿಕದ ಹೃದಯ ಸಂಘ ಮತ್ತು ರೋಗ ನಿಯಂತ್ರಣ ಕೇಂದ್ರ, ಎರಡು ವಾರದ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ತೆಗೆಯಿರಿ ಎಂದವು. ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಸೋಂಕು ಹುಡುಕಿ, ಮತ್ತೆ ಅಳೆಯಿರಿ ಎಂದವು. ಅವುಗಳ ಪ್ರಕಾರ 3ಕ್ಕಿಂತ ಹೆಚ್ಚಿದ್ದರೆ ಅಪಾಯ ಜಾಸ್ತಿ. ಈ ತಿಂಗಳು 2.6, ಬರುವ ತಿಂಗಳು 3.4 ಬಂದರೆ ಮನುಷ್ಯ ಇದ್ದಂತೆಯೇ ಇದ್ದು ಹಣೆಪಟ್ಟಿಯಷ್ಟೇ ಬದಲಾಗಿರಬಹುದು.

ಹಾಗಾದರೆ ಸರಾಸರಿಯೇ ಸತ್ಯವೇ? ಅದೂ ಅಂದಾಜೇ. ಮನುಷ್ಯನ ‘ನಿಜವಾದ’ ಮಟ್ಟವನ್ನು ಯಾವ ಯಂತ್ರವೂ ಕಂಡಿಲ್ಲ. ಹಲವು ದಿನಗಳ ಅಳತೆಯಿಂದ ನಾವು ಊಹಿಸಿಕೊಳ್ಳುವುದು ಅದು. ತೂಕ ಏರಿದರೆ, ಬೀಡಿ ಬಿಟ್ಟರೆ ಅದೂ ಸರಿಯುತ್ತದೆ.

ಇನ್ನೊಂದು ಮೋಸವಿದೆ. ವಿಪರೀತವಾಗಿ ಬಂದ ಅಂಕಿ ಎರಡನೇ ಸಲ ತಾನಾಗಿಯೇ ನಡುವಿನತ್ತ ಸರಿಯುವುದು ಸಾಮಾನ್ಯ. ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ ಇಂಥ ಹಿಂಜರಿತವನ್ನು ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ 1886ರಲ್ಲೇ ತೋರಿಸಿದ್ದ. ನಡುವೆ ಕುಡಿದ ಕಷಾಯಕ್ಕೋ ನುಂಗಿದ ಗುಳಿಗೆಗೋ ನಾವು ಕೀರ್ತಿ ಕೊಡುತ್ತೇವೆ. ಅಂಕಿ ಅಲುಗಾಡಿದಷ್ಟೂ ನಮ್ಮ ಕೃತಜ್ಞತೆ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಬಸ್ಸಿನ ಖರ್ಚು, ದಿನದ ಕೂಲಿ ಎರಡನ್ನೂ ಕಳೆದುಕೊಂಡು ಬರುವವನಿಗೆ ಮತ್ತೆ ಮತ್ತೆ ರಕ್ತ ಕೊಡು ಎನ್ನುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಲ್ಲ. ಹಾಗೆಂದು ಒಂದೇ ಅಂಕಿಯಿಂದ ಅವನನ್ನು ಹೃದ್ರೋಗದ ಸರದಿಯಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ. ಜ್ವರದ ದಿನ ಜ್ವರದ ಪ್ರಶ್ನೆಯನ್ನಷ್ಟೇ ರಕ್ತಕ್ಕೆ ಕೇಳಬೇಕು. ಉತ್ತರದಿಂದ ಚಿಕಿತ್ಸೆ ಬದಲಾಗುವಂತಿಲ್ಲದಿದ್ದರೆ ಕೇಳಲೇಬಾರದು. ರಿಪೋರ್ಟ್ ಕೈಗೆ ಬಂದಾಗ ವೈದ್ಯರನ್ನು ಹೀಗೆ ಕೇಳಿ: ಇದು ಈ ವಾರದ ಸುದ್ದಿಯೋ, ನನ್ನ ಮೈಯ ಸ್ವಭಾವವೋ?