ಹಿಂಡಿದರೂ ಕೂಡಿಕೊಳ್ಳುವ ಜೀವ

1907ರಲ್ಲಿ ಅಮೆರಿಕದ ಜೀವವಿಜ್ಞಾನಿ ಎಚ್.ವಿ. ವಿಲ್ಸನ್ ಒಂದು ವಿಚಿತ್ರ ಪ್ರಯೋಗದ ವರದಿ ಪ್ರಕಟಿಸಿದರು. ನಾರ್ತ್ ಕ್ಯಾರೊಲಿನಾದ ಕಡಲತೀರದಲ್ಲಿ ಸಿಗುವ ಕೆಂಪು ಸ್ಪಂಜನ್ನು ಚೂರು ಮಾಡಿ, ಗಿರಣಿಯವರು ಹಿಟ್ಟು ಜರಡಿ ಹಿಡಿಯುವ ಸಣ್ಣ ಕಣ್ಣಿನ ರೇಷ್ಮೆ ಬಟ್ಟೆಯಲ್ಲಿ ಕಟ್ಟಿ, ಸಮುದ್ರದ ನೀರಿದ್ದ ತಟ್ಟೆಯೊಳಗೆ ಹಿಂಡಿದ್ದರು. ಬಟ್ಟೆಯಿಂದ ಇಳಿದದ್ದು ಬಿಡಿ ಜೀವಕೋಶಗಳ ಕೆಂಪು ರಾಡಿ. ಆ ಸ್ಪಂಜಿನ ಕಥೆ ಮುಗಿಯಿತು ಎಂದೇ ಯಾರಾದರೂ ಹೇಳುತ್ತಿದ್ದರು. ಆದರೆ ತಳಕ್ಕಿಳಿದ ಕೋಶಗಳು ತೆವಳತೊಡಗಿದವು. ಒಂದಕ್ಕೊಂದು ತಗುಲಿದವು, ಅಂಟಿಕೊಂಡವು, ಉಂಡೆಗಟ್ಟಿದವು. ದಿನಗಳುರುಳಿದಂತೆ ಆ ಉಂಡೆಗಳೊಳಗೆ ನೀರು ಹರಿಯುವ ಕಾಲುವೆಗಳು, ಪುಟ್ಟ ಕೋಣೆಗಳು ಮೂಡಿ ಮತ್ತೆ ಸ್ಪಂಜುಗಳೇ ಆದವು!

ಎರಡು ಜಾತಿಯ ಸ್ಪಂಜುಗಳ ಕೋಶಗಳನ್ನು ಬೆರೆಸಿಟ್ಟು ನೋಡಿದವರೂ ಇದ್ದಾರೆ. ಕೆಂಪಿನವು ಕೆಂಪಿನ ಜೊತೆ, ಹಳದಿಯವು ಹಳದಿಯ ಜೊತೆ ಸೇರಿಕೊಂಡವು. ಕಣ್ಣಿಲ್ಲ, ನರವಿಲ್ಲ, ಆದರೂ ತನ್ನವರು ಯಾರೆಂಬ ಗುರುತು ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಮಾತ್ರ ಈ ಕೂಡಾಟ ನಡೆಯದು.

ಶಾಲೆಯ ಪುಸ್ತಕಗಳು ಸ್ಪಂಜನ್ನು ‘ಕೆಳಸ್ತರದ ಪ್ರಾಣಿ’ ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಇದು ಅನ್ಯಾಯ. ಪ್ರಾಣಿ ಎಂಬುದು ಹೇಗೆ ಶುರುವಾಯಿತು ಎಂದು ಕೇಳುವವರು ಮೊದಲು ನಿಲ್ಲಬೇಕಾದದ್ದು ಇದರ ಮುಂದೆಯೇ. ಸ್ಪಂಜಿನ ಕೋಣೆಗಳ ಒಳಗೋಡೆಯಲ್ಲಿರುವ ಒಂದೊಂದು ಕೋಶಕ್ಕೂ ಬಳುಕುವ ಒಂದು ಬಾಲ, ಅದರ ಬುಡದ ಸುತ್ತ ಸೂಕ್ಷ್ಮ ಎಳೆಗಳ ಕೊರಳಪಟ್ಟಿ. ಬಾಲ ನೀರನ್ನು ಎಳೆಯುತ್ತದೆ, ಪಟ್ಟಿ ಬ್ಯಾಕ್ಟೀರಿಯಾಗಳನ್ನು ಹಿಡಿಯುತ್ತದೆ. ಇಂಥದೇ ಬಾಲ, ಇಂಥದೇ ಪಟ್ಟಿ ಇರುವ ಏಕಕೋಶಜೀವಿಗಳು ಇಂದಿಗೂ ನೀರಿನಲ್ಲಿವೆ. ಕೊಯನೊಫ್ಲಾಜೆಲೇಟ್ ಎಂದು ಅವುಗಳ ಹೆಸರು. ಪ್ರಾಣಿಕುಲಕ್ಕೆ ಇವೇ ಅತಿ ಹತ್ತಿರದ ನೆಂಟರು.

2008ರಲ್ಲಿ ಈ ನೆಂಟರಲ್ಲೊಬ್ಬರ ಜೀನೋಮ್ ಪೂರ್ತಿಯಾಗಿ ಓದಿದಾಗ ಅಲ್ಲಿ ಕ್ಯಾಡ್ಹೆರಿನ್ ಕುಟುಂಬದ ಜೀನುಗಳು ಇಪ್ಪತ್ತಕ್ಕೂ ಹೆಚ್ಚು ಸಿಕ್ಕವು. ಪ್ರಾಣಿಗಳ ಮೈಯಲ್ಲಿ ಕೋಶವನ್ನು ಕೋಶಕ್ಕೆ ಬೆಸೆಯುವ ಪ್ರೋಟೀನುಗಳ ಕುಟುಂಬ ಇದು. ಆ ಬೆಸುಗೆಗೂ ಕ್ಯಾಲ್ಸಿಯಂ ಬೇಕು. ಒಂಟಿಯಾಗಿ ಬದುಕುವ ಜೀವಿಗೆ ಇದರಿಂದ ಏನು ಕೆಲಸ? ಬ್ಯಾಕ್ಟೀರಿಯಾ ಹಿಡಿಯಲು ಇರಬಹುದು ಎಂಬುದು ವಿಜ್ಞಾನಿಗಳ ಒಂದು ಊಹೆ. ಅದು ಹೇಗೇ ಇರಲಿ, ಮೈ ಕಟ್ಟುವ ಸಾಮಗ್ರಿ ಮೈ ಹುಟ್ಟುವ ಮೊದಲೇ ಕಡಲಿನಲ್ಲಿ ಸಿದ್ಧವಿತ್ತು. 60 ಕೋಟಿ ವರ್ಷಗಳಿಗೂ ಹಿಂದೆ ಆ ಹಳೆಯ ಸಾಮಗ್ರಿಗೆ ಹೊಸ ಕೆಲಸ ಸಿಕ್ಕಿತು. ನನಗೆ ಇದಕ್ಕಿಂತ ರೋಮಾಂಚಕ ಚರಿತ್ರೆ ಬೇರೆ ಗೊತ್ತಿಲ್ಲ.

ನಮ್ಮ ಚರ್ಮದಲ್ಲಿ, ಹೊಟ್ಟೆ ಕರುಳುಗಳ ಒಳಪದರದಲ್ಲಿ ಕೋಶಗಳು ಕೈಬಿಡದೆ ನಿಂತಿರುವುದೂ ಕ್ಯಾಡ್ಹೆರಿನ್‌ಗಳ ಹಿಡಿತದಿಂದ. ನ್ಯೂಜಿಲೆಂಡಿನ ಒಂದು ಮಾವೋರಿ ಮನೆತನದಲ್ಲಿ ತಲೆಮಾರುಗಳಿಂದ ಎಳೆ ವಯಸ್ಸಿನವರನ್ನೂ ಹೊಟ್ಟೆಯ ಕ್ಯಾನ್ಸರ್ ಬಲಿ ತೆಗೆದುಕೊಳ್ಳುತ್ತಿತ್ತು. ಮನೆತನದವರು ವಿಜ್ಞಾನಿಗಳ ಜೊತೆಗೂಡಿ ಕಾರಣ ಹುಡುಕಿದರು. 1998ರಲ್ಲಿ ಸಿಕ್ಕಿದ್ದು ಒಂದು ಕ್ಯಾಡ್ಹೆರಿನ್ ಜೀನಿನ ದೋಷ. ಇಂದು ಆ ದೋಷ ಯಾರಲ್ಲಿದೆ ಎಂಬುದನ್ನು ರೋಗ ಬರುವ ಮುಂಚೆಯೇ ರಕ್ತಪರೀಕ್ಷೆ ಹೇಳುತ್ತದೆ.