ವಿದ್ಯಾರ್ಥಿವೇತನದ ಫಲ ಯಾರಿಗೆ ಸಲ್ಲಬೇಕು?

ಕೊಡುವವನ ಸ್ವತ್ವ, ಅಂದರೆ ಒಡೆತನದ ಹಕ್ಕು, ವಸ್ತುವಿನಿಂದ ನಿವೃತ್ತವಾಗಿ ಪಡೆಯುವವನ ಸ್ವತ್ವ ಅದರಲ್ಲಿ ನೆಲೆಗೊಂಡಾಗ ಮಾತ್ರ ದಾನವು ದಾನವೆನಿಸುತ್ತದೆಂಬುದು ಧರ್ಮಶಾಸ್ತ್ರಕಾರರ ನಿರ್ಣಯ. ಅಮೆರಿಕದ ಕಾಲೇಜುಗಳಲ್ಲಿ ಬಡ ವಿದ್ಯಾರ್ಥಿಗಳಿಗೆ ದೊರೆಯುವ ಖಾಸಗಿ ವಿದ್ಯಾರ್ಥಿವೇತನವನ್ನು ಈ ಲಕ್ಷಣದಿಂದ ಪರೀಕ್ಷಿಸಿದರೆ, ಹಣವು ವಿದ್ಯಾರ್ಥಿಯ ಹೆಸರಿಗೆ ಬಂದರೂ ಅದರ ಪ್ರಯೋಜನ ಸಂಸ್ಥೆಗೇ ಸೇರಿಬಿಡುವ ಸಂದರ್ಭಗಳು ಎದುರಾಗುತ್ತವೆ.

ಅಲ್ಲಿ ಬೋಧನಾ ಶುಲ್ಕ, ಊಟ, ವಸತಿ, ಪುಸ್ತಕ, ಪ್ರಯಾಣಗಳನ್ನು ಕೂಡಿಸಿದ ವಾರ್ಷಿಕ ವೆಚ್ಚದಿಂದ, ಕುಟುಂಬದ ಆದಾಯ ಮತ್ತು ಆಸ್ತಿಯ ಆಧಾರದ ಮೇಲೆ ಲೆಕ್ಕಹಾಕಿದ ಸೂಚ್ಯಂಕವನ್ನು ಕಳೆದರೆ ಉಳಿಯುವುದೇ ವಿದ್ಯಾರ್ಥಿಯ ‘ಅಗತ್ಯ’. ವೆಚ್ಚ 30,000 ಡಾಲರ್, ಸೂಚ್ಯಂಕ 5,000 ಎಂದು ಭಾವಿಸಿದರೆ ಅಗತ್ಯ 25,000 ಆಗುತ್ತದೆ. ಕಾಲೇಜು 15,000 ಡಾಲರ್ ಅನುದಾನವನ್ನೂ 5,000 ಡಾಲರ್ ಸಾಲವನ್ನೂ ಒದಗಿಸಿದರೆ ಇನ್ನೂ 5,000 ಡಾಲರ್ ಕೊರತೆ ಉಳಿಯುತ್ತದೆ. ಈ ಹಂತದಲ್ಲಿ ಹೊರಗಿನಿಂದ ಬಂದ 3,000 ಡಾಲರ್ ಕೊರತೆಯನ್ನೋ ಸಾಲವನ್ನೋ ತಗ್ಗಿಸಿದರೆ ಅದು ವಿದ್ಯಾರ್ಥಿಗೆ ತಲುಪಿದಂತೆ. ಕಾಲೇಜು ತನ್ನ ಅನುದಾನವನ್ನು 12,000ಕ್ಕೆ ಇಳಿಸಿದರೆ, ಪ್ರಬಂಧಗಳನ್ನು ಬರೆದು, ಶಿಫಾರಸು ಪತ್ರಗಳಿಗಾಗಿ ಅಲೆದು ಆ ವೇತನವನ್ನು ಗಳಿಸಿದವರ ಮನೆಯ ಹೊರೆ ಒಂದು ಡಾಲರಿನಷ್ಟೂ ಇಳಿಯುವುದಿಲ್ಲ.

ಕಾಲೇಜುಗಳ ಸಮರ್ಥನೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಅಗತ್ಯದ ಆಧಾರದ ಫೆಡರಲ್ ನೆರವು ಸೇರಿರುವಲ್ಲಿ ಒಟ್ಟು ನೆರವು ಮಿತಿ ಮೀರದಂತೆ ನೋಡಿಕೊಳ್ಳುವ ಹೊಣೆ ಅವುಗಳ ಮೇಲಿದೆ. ಅಲ್ಲದೆ, ನಿಧಿ ಸೀಮಿತವಾಗಿರುವುದರಿಂದ ಒಬ್ಬರಿಂದ ಉಳಿದದ್ದು ಇನ್ನೊಬ್ಬ ಬಡ ವಿದ್ಯಾರ್ಥಿಗೆ ಸಲ್ಲುತ್ತದೆ ಎಂಬುದು ಹಂಚಿಕೆಯ ನ್ಯಾಯಕ್ಕೆ ಸೇರಿದ ವಾದ. ಆದರೆ ಈ ವಾದಕ್ಕೆ ಬಲ ಬರುವುದು ಅಗತ್ಯ ಪೂರ್ತಿಯಾಗಿ ನೀಗಿದ ಮೇಲೆಯೇ. ಕೊರತೆ ಉಳಿದಿರುವಾಗಲೇ ಅನುದಾನವನ್ನು ಕತ್ತರಿಸುವ ಸಂಸ್ಥೆಯು ದಾನಿ ಆರಿಸಿದ ಪಾತ್ರವನ್ನು, ಅಂದರೆ ದಾನ ಪಡೆಯಲು ಅರ್ಹನಾದವನನ್ನು, ಬರಿಯ ದಾರಿಯಾಗಿಸಿ ತಾನೇ ದಾನ ಪಡೆಯುವ ಪ್ರತಿಗ್ರಹಿಯಾಗುತ್ತದೆ; ಇನ್ನೊಬ್ಬರಿಗೆ ಒಳಿತಾಗುತ್ತದೆಂಬ ಕಾರಣವು, ಒಪ್ಪಿಗೆಯನ್ನೇ ಕೇಳದೆ ಒಬ್ಬ ಬಡವನಿಂದ ಆ ಒಳಿತಿನ ಬೆಲೆಯನ್ನು ವಸೂಲು ಮಾಡುವುದನ್ನು ಧರ್ಮ್ಯವಾಗಿಸಲಾರದು.

ಮೇರಿಲ್ಯಾಂಡ್ ರಾಜ್ಯವು 2017ರಲ್ಲಿ ತಂದ ಕಾನೂನು ಈ ವಿವೇಕಕ್ಕೆ ಹತ್ತಿರವಾದುದು: ಎಲ್ಲ ಮೂಲಗಳಿಂದ ಬಂದ, ಮರುಪಾವತಿ ಬೇಡದ ನೆರವಿನ ಮೊತ್ತ ಅಗತ್ಯವನ್ನು ಮೀರಿದಾಗ, ಮೀರಿದಷ್ಟನ್ನು ಮಾತ್ರ ಸಾರ್ವಜನಿಕ ಕಾಲೇಜು ತನ್ನ ಅನುದಾನದಿಂದ ಕಡಿತಗೊಳಿಸಬಹುದೆಂದು ಅದು ವಿಧಿಸಿತು. ಖಾಸಗಿ ಕಾಲೇಜುಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಅಂಥ ಕಡೆಗಳಲ್ಲಿ ಕಡಿತದ ನಿಯಮವನ್ನು ಪ್ರವೇಶಕ್ಕೆ ಮೊದಲೇ ಬರಹದಲ್ಲಿ ತಿಳಿಸುವುದು ಕನಿಷ್ಠ ಕರ್ತವ್ಯ; ಏಕೆಂದರೆ ತನಗೆ ಬಂದದ್ದು ತನ್ನಲ್ಲಿ ಉಳಿಯುತ್ತದೆಯೇ ಎಂದು ತಿಳಿಯದ ವಿದ್ಯಾರ್ಥಿಯು ಯಾವ ವಿದ್ಯಾರ್ಥಿವೇತನಕ್ಕೆ ಶ್ರಮಿಸಬೇಕು, ಯಾವ ಕಾಲೇಜನ್ನು ಒಪ್ಪಬೇಕು ಎಂಬುದನ್ನು ನಿಶ್ಚಯಿಸಲಾರನು.