ಈ ಮಗುವಿನ ತಾಯಿ ಎಲ್ಲಿದ್ದಾಳೆ?

ನಮ್ಮ ಅಧ್ಯಯನ ಬಳಗದ ಯುವತಿಯೊಬ್ಬರು ಈ ವಾರ ಒಂದು ಪ್ರಶ್ನೆ ಕಳಿಸಿದ್ದಾರೆ. ಓದು ಮುಗಿದಿದೆ, ಕೆಲಸಕ್ಕೆ ಸೇರಲು ಎರಡು ತಿಂಗಳು ಬಿಡುವಿದೆ. ಲುಂಬಿನಿ ನೋಡಿಕೊಂಡು ಕಠ್ಮಂಡುವಿಗೆ ಹೋಗಿ, ಅಲ್ಲಿನ ಒಂದು ಅನಾಥಾಲಯದಲ್ಲಿ ಎರಡು ವಾರ ಮಕ್ಕಳ ಸೇವೆ ಮಾಡಬೇಕು ಎಂಬುದು ಅವರ ಆಸೆ. ಊಟ, ವಸತಿ ಸೇರಿಸಿ ಅದಕ್ಕೆ ಶುಲ್ಕ ಕಟ್ಟಬೇಕು. ಆ ಹಣವನ್ನೂ ಕೂಡಿಟ್ಟಿದ್ದಾರೆ. "ತಾಯಿ ತಂದೆ ಇಲ್ಲದ ಮಕ್ಕಳಿಗೆ ಎರಡು ವಾರ ಪ್ರೀತಿ ಕೊಡುವುದು ಕರುಣೆಯೇ ಅಲ್ಲವೇ? ಇದರಲ್ಲಿ ಯೋಚಿಸುವುದು ಏನಿದೆ?" ಎಂದು ಕೇಳಿದ್ದಾರೆ.

ಯೋಚಿಸುವುದು ಇದೆ ಎಂದೇ ನನ್ನ ಉತ್ತರ. ಅವರ ಮನಸ್ಸಿನ ಬಗ್ಗೆ ನನಗೆ ಸಂಶಯವಿಲ್ಲ. ಬಿಡುವು ಸಿಕ್ಕಾಗ ಗೋವಾಕ್ಕೆ ಹೋಗುವ ವಯಸ್ಸಿನಲ್ಲಿ ಮಕ್ಕಳ ಸೇವೆಗೆ ಹೋಗುತ್ತೇನೆ ಎನ್ನುವವರು ಎಷ್ಟು ಜನ? ಆದರೆ ದೀಕ್ಷೆಯ 22 ಪ್ರತಿಜ್ಞೆಗಳಲ್ಲಿ ಬಾಬಾಸಾಹೇಬರು ಕರುಣೆಯನ್ನು ಒಂಟಿಯಾಗಿ ಬಿಡಲಿಲ್ಲ. ಪ್ರಜ್ಞೆ, ಶೀಲ, ಕರುಣೆ ಈ ಮೂರನ್ನೂ ಜೊತೆಗಿಟ್ಟು ಬದುಕಬೇಕು ಎಂದರು. ಹಾಗಾಗಿ ಕರುಣೆ ಹುಟ್ಟಿದ ಕೂಡಲೇ ಪ್ರಜ್ಞೆ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಅನಾಥಾಲಯದ ವಿಷಯದಲ್ಲಿ ಆ ಪ್ರಶ್ನೆ ಬಹಳ ಸರಳ: ಈ ಮಗುವಿನ ತಾಯಿ ಎಲ್ಲಿದ್ದಾಳೆ?

ನೇಪಾಳದಲ್ಲಿ ಈ ಪ್ರಶ್ನೆಗೆ ಸಿಕ್ಕಿರುವ ಉತ್ತರ ನೋಡಿ. 2015ರ ಏಪ್ರಿಲ್ 25ರಂದು ಅಲ್ಲಿ ದೊಡ್ಡ ಭೂಕಂಪವಾಯಿತು. ಸುಮಾರು 9,000 ಜನ ಸತ್ತರು. ಅನಾಥ ಮಕ್ಕಳಿಗೆ ಸಹಾಯ ಮಾಡುತ್ತೇವೆಂದು ಲೋಕದ ಎಲ್ಲ ಕಡೆಯಿಂದ ಹಣ ಮತ್ತು ಜನ ಹೊರಟರು. ಆಗ ಯುನಿಸೆಫ್ ಒಂದು ಎಚ್ಚರಿಕೆ ಕೊಟ್ಟಿತು. ಭೂಕಂಪಕ್ಕೂ ಮೊದಲೇ ನೇಪಾಳದ ಅನಾಥಾಲಯಗಳಲ್ಲಿ 15,000ದಷ್ಟು ಮಕ್ಕಳಿದ್ದರು, ಅವರಲ್ಲಿ ಶೇಕಡಾ 85ರಷ್ಟು ಮಕ್ಕಳಿಗೆ ತಾಯಿ ಅಥವಾ ತಂದೆ, ಒಬ್ಬರಾದರೂ ಬದುಕಿದ್ದರು. ಪೋಷಕರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಕರೆದೊಯ್ಯುವುದನ್ನು ಸರ್ಕಾರ ತಡೆಯಬೇಕಾಯಿತು. ಕಟ್ಟಡ ಬಿದ್ದ ಊರುಗಳಿಗೆ ಅನ್ನ ತಲುಪುವ ಮೊದಲು ಮಕ್ಕಳ ದಲಾಲಿ ತಲುಪುತ್ತಾನೆ ಎಂಬ ಭಯ ಅದು.

ಇನ್ನೊಂದು ಸಂಗತಿ. ಆಗ ನೇಪಾಳದಲ್ಲಿ 75 ಜಿಲ್ಲೆಗಳಿದ್ದವು. ಅನಾಥಾಲಯಗಳಲ್ಲಿ ಬಹುಪಾಲು ಇದ್ದದ್ದು ಐದೇ ಜಿಲ್ಲೆಗಳಲ್ಲಿ. ಅವು ಅತಿ ಬಡ ಜಿಲ್ಲೆಗಳಲ್ಲ. ಕಠ್ಮಂಡು ಕಣಿವೆ, ಪೋಖರಾ, ಚಿತ್ವನ್, ಅಂದರೆ ಪ್ರವಾಸಿಗರು ಹೋಗುವ ಜಾಗಗಳು. ಅನಾಥಾಲಯ ಇರಬೇಕಾದದ್ದು ಅನಾಥರು ಇರುವಲ್ಲಿ. ಇಲ್ಲಿ ಅದು ದಾನಿಗಳು ಇರುವಲ್ಲಿ ಎದ್ದು ನಿಂತಿದೆ.

ನಾವು ಪ್ರತೀತ್ಯ ಸಮುತ್ಪಾದ ಓದಿದವರು. ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ ಎಂದು ಬಾಯಿಪಾಠ ಮಾಡಿದ್ದೇವೆ. ಅದನ್ನು ಇಲ್ಲಿಗೆ ಅನ್ವಯಿಸಿ. ಶುಲ್ಕ ಕೊಟ್ಟು ಸೇವೆ ಮಾಡಲು ಜನ ಬರುತ್ತಾರೆ. ಆದ್ದರಿಂದ ಒಂದು ಮನೆ ಬಾಡಿಗೆಗೆ ಹಿಡಿದು ಬೋರ್ಡು ಹಾಕುವವನು ಹುಟ್ಟುತ್ತಾನೆ. ಮನೆಗೆ ಮಕ್ಕಳು ಬೇಕು. ಆದ್ದರಿಂದ ಹಳ್ಳಿಗೆ ದಲಾಲಿ ಹೋಗುತ್ತಾನೆ. "ನಿನ್ನ ಮಗನನ್ನು ಪೇಟೆಯ ಒಳ್ಳೆ ಶಾಲೆಗೆ ಸೇರಿಸುತ್ತೇನೆ" ಎನ್ನುತ್ತಾನೆ. ಓದು ಅಂದರೆ ಏನು ಎಂದು ತಿಳಿದ ಬಡ ತಾಯಿ ಒಡವೆ ಮಾರಿ, ಹೊಲ ಅಡವಿಟ್ಟು ಹಣ ಕೊಟ್ಟು ಮಗನನ್ನು ಕಳಿಸುತ್ತಾಳೆ. ಪೇಟೆಯಲ್ಲಿ ಆ ಮಗುವಿಗೆ ತಂದೆತಾಯಿ ಸತ್ತಿದ್ದಾರೆ ಎಂಬ ಸುಳ್ಳು ಕಾಗದ ಸಿದ್ಧವಾಗುತ್ತದೆ. ತಾಯಿ ಬದುಕಿದ್ದಾಳೆ, ಕಾಗದದಲ್ಲಿ ಸತ್ತಿದ್ದಾಳೆ. ಎಲ್ಲ ಅನಾಥಾಲಯಗಳೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಸರಪಳಿ ಎಷ್ಟು ನಿಜವೆಂದರೆ, 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾಯ್ದೆ ತರುವಾಗ ಆಸ್ಟ್ರೇಲಿಯಾ ದೇಶವು ಅನಾಥಾಲಯಕ್ಕಾಗಿ ಮಕ್ಕಳನ್ನು ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಲಯದ ಸ್ವಯಂಸೇವೆಯಿಂದಾಗುವ ಹಾನಿಯ ಮಾತೆತ್ತಿತು.

ಕಾನರ್ ಗ್ರೆನನ್ ಎಂಬ ಅಮೆರಿಕದ ಯುವಕನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಆತ ಲೋಕ ಸುತ್ತಲು ಹೊರಟವನು. ಬರೀ ಮೋಜು ಎಂದು ಜನ ಅಂದುಕೊಳ್ಳಬಾರದೆಂದು ಮೊದಲು ನೇಪಾಳದ ಒಂದು ಅನಾಥಾಲಯದ ಸೇವೆಯನ್ನು ಸೇರಿಸಿಕೊಂಡ. ಇದನ್ನು ಆತನೇ ತನ್ನ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಕಠ್ಮಂಡುವಿನ ದಕ್ಷಿಣಕ್ಕೆ ಗೋದಾವರಿ ಎಂಬ ಹಳ್ಳಿಯಲ್ಲಿ ಆ ಮನೆ. ಮಕ್ಕಳೆಲ್ಲ ಅನಾಥರು ಎಂದೇ ನಂಬಿದ್ದ. ಒಂದು ದಿನ ಒಬ್ಬ ಹೆಂಗಸು ಬಂದಳು. ಅಲ್ಲಿದ್ದ ಇಬ್ಬರು ಹುಡುಗರ ತಾಯಿ ಆಕೆ. ಆಮೇಲೆ ತಿಳಿಯಿತು: ಆ ಮಕ್ಕಳು ದೂರದ ಹುಮ್ಲಾ ಜಿಲ್ಲೆಯವರು, ಅಂತರ್ಯುದ್ಧದ ಕಾಲದಲ್ಲಿ ದಲಾಲಿಯೊಬ್ಬ ಓದಿಸುತ್ತೇನೆಂದು ನಂಬಿಸಿ ಕರೆತಂದವರು. ಗ್ರೆನನ್ ಮುಂದೆ ನೆಕ್ಸ್ಟ್ ಜನರೇಷನ್ ನೇಪಾಳ್ ಎಂಬ ಸಂಸ್ಥೆ ಕಟ್ಟಿದ. ಮಕ್ಕಳ ಫೋಟೋಗಳನ್ನು ಹಿಡಿದುಕೊಂಡು, ರಸ್ತೆಯೇ ಇಲ್ಲದ ಹುಮ್ಲಾದ ಬೆಟ್ಟಗಳನ್ನು ನಡೆದು ಹತ್ತಿ, ಒಂದೊಂದೇ ಮನೆ ಹುಡುಕಿದ. ಇಲ್ಲಿ ಗಮನಿಸಿ: ಮಕ್ಕಳ ಜೊತೆ ಆಡಿದ್ದಕ್ಕಿಂತ ಅವರ ತಾಯಂದಿರನ್ನು ಹುಡುಕಿದ್ದು ದೊಡ್ಡ ಸೇವೆಯಾಯಿತು.

"ಆದರೂ ಆ ಮಕ್ಕಳಿಗೆ ಪ್ರೀತಿ ಬೇಕಲ್ಲ, ನೋಡಿದ ಕೂಡಲೇ ಓಡಿಬಂದು ತಬ್ಬಿಕೊಳ್ಳುತ್ತವೆ" ಎಂದು ಹೋಗಿಬಂದವರು ಹೇಳುತ್ತಾರೆ. ನಿಮ್ಮ ಮನೆಯ ನಾಲ್ಕು ವರ್ಷದ ಮಗು ಅಪರಿಚಿತರು ಬಂದರೆ ಏನು ಮಾಡುತ್ತದೆ? ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ಯಾರು ಬಂದರೂ ತಬ್ಬುವ ಮಗು ಪ್ರೀತಿಯಿಂದ ತುಂಬಿದ ಮಗುವಲ್ಲ. ನೆಚ್ಚಿಕೊಳ್ಳಲು ಒಬ್ಬರೂ ಇಲ್ಲದ್ದರಿಂದ ಸಿಕ್ಕವರನ್ನೆಲ್ಲ ಹಿಡಿಯುವ ಮಗು. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದವರು, ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಎರಡು ವಾರದಲ್ಲಿ ಆ ಮಗು ನಿಮ್ಮನ್ನು ಅಕ್ಕ ಎನ್ನುತ್ತದೆ. ಹದಿನೈದನೇ ದಿನ ನೀವು ಕಣ್ಣೀರಿಟ್ಟು ಬಸ್ಸು ಹತ್ತುತ್ತೀರಿ. ಹದಿನಾರನೇ ದಿನ ಇನ್ನೊಬ್ಬ ಅಕ್ಕ ಬರುತ್ತಾಳೆ. ಒಂದು ವರ್ಷದಲ್ಲಿ ಆ ಮಗುವನ್ನು ಎಷ್ಟು ಅಕ್ಕಂದಿರು ಬಿಟ್ಟುಹೋದರು ಎಂದು ಲೆಕ್ಕ ಹಾಕಿ.

ಈ ಪ್ರಶ್ನೆ ನಮ್ಮ ಜನಕ್ಕೆ ಬೇರೆಯವರಿಗಿಂತ ಹೆಚ್ಚು ಅರ್ಥವಾಗಬೇಕು. ನಾನು ಹಾಸ್ಟೆಲಿನಲ್ಲಿ ಓದಿದವನು. ಒಮ್ಮೆ ಪಟ್ಟಣದ ಕೆಲವರು ನಮಗೆ ಹೊದಿಕೆ, ಬಾಳೆಹಣ್ಣು ಹಂಚಲು ಬಂದರು. ಸಾಲಾಗಿ ನಿಲ್ಲಿಸಿದರು, ಹಾಡು ಹೇಳಿಸಿದರು, ಫೋಟೋ ತೆಗೆದರು. ಅವರಲ್ಲೊಬ್ಬರು ನನ್ನ ತಲೆ ಸವರಿ, "ಪಾಪ, ಇವಕ್ಕೆ ಹಿಂದೆಮುಂದೆ ಯಾರೂ ಇಲ್ಲ" ಎಂದರು. ನನಗೆ ಅವ್ವ ಇದ್ದಳು. ಆ ಹೊತ್ತಿನಲ್ಲಿ ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಸಂತೆಯ ದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಡೆದು ಬರುತ್ತಿದ್ದಳು. ಆ ಹೊದಿಕೆ ಬೆಚ್ಚಗಿತ್ತು, ಸುಳ್ಳು ಹೇಳಲಾರೆ. ಆದರೆ ಅದನ್ನು ಹೊದ್ದಾಗೆಲ್ಲ ನನ್ನ ಅವ್ವನನ್ನು ಯಾರೋ ಇಲ್ಲವಾಗಿಸಿದ ಹಾಗೆ ಅನಿಸುತ್ತಿತ್ತು.

ಹಾಸ್ಟೆಲ್ ಮತ್ತು ಅನಾಥಾಲಯದ ನಡುವಿನ ವ್ಯತ್ಯಾಸವೇ ಇದು. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು, ಮರುವರ್ಷವೇ ಸೊಲ್ಲಾಪುರದಲ್ಲಿ ವಿದ್ಯಾರ್ಥಿಗಳಿಗೆ ವಸತಿ ನಿಲಯ ತೆರೆಯಿತು. ಅಲ್ಲಿಗೆ ಬಂದ ಹುಡುಗನಿಗೆ ಊರಿತ್ತು, ಮನೆಯಿತ್ತು, ಹೆಸರಿತ್ತು. ಓದಲು ಬಂದಿದ್ದ, ರಜೆಗೆ ಮನೆಗೆ ಹೋಗುತ್ತಿದ್ದ. ಮಗುವಿಗೆ ಓದು ಕೊಡಲು ತಾಯಿಯನ್ನು ಕಸಿಯಬೇಕಿಲ್ಲ.

1932ರಲ್ಲಿ, ಪೂನಾ ಒಪ್ಪಂದದ ಬಳಿಕ, ಅಸ್ಪೃಶ್ಯತಾ ನಿವಾರಣೆಗೆಂದು ಒಂದು ಸಂಘ ಹುಟ್ಟಿತು. ಮುಂದೆ ಹರಿಜನ ಸೇವಕ ಸಂಘ ಎನಿಸಿಕೊಂಡದ್ದು ಅದೇ. ಬಾಬಾಸಾಹೇಬರು ಅದರ ಕಾರ್ಯದರ್ಶಿ ಎ.ವಿ. ಠಕ್ಕರ್ ಅವರಿಗೆ ಪತ್ರ ಬರೆದು, ಬಿಡಿ ಬಿಡಿಯಾಗಿ ಜನರನ್ನು ಸುಧಾರಿಸುವುದಲ್ಲ, ಊರ ಬಾವಿಯ ನೀರು, ಶಾಲೆಯ ಪ್ರವೇಶ ಇಂಥ ಹಕ್ಕುಗಳಿಗಾಗಿ ಹೋರಾಡಿ ಎಂದು ಕೇಳಿದರು. ನಡೆದದ್ದು ಬೇರೆ. ಅದು ಸವರ್ಣರ ಪ್ರಾಯಶ್ಚಿತ್ತದ ಸಂಸ್ಥೆ, ಆದ್ದರಿಂದ ಆಡಳಿತವೂ ಅವರ ಕೈಯಲ್ಲೇ ಇರಬೇಕು ಎಂಬ ವಾದ ಗೆದ್ದಿತು. ಇನ್ನೊಬ್ಬರ ಪುಣ್ಯಕ್ಕೆ ನಾವು ಸಾಮಗ್ರಿಯಾಗುವುದು ಹೇಗಿರುತ್ತದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಈಗ ನಮ್ಮ ಮಕ್ಕಳ ಕೈಯಲ್ಲಿ ನಾಲ್ಕು ಕಾಸು ಬಂದಿದೆ, ಹೊರದೇಶಕ್ಕೆ ಹೋಗುವ ಶಕ್ತಿ ಬಂದಿದೆ. ಇದು ಸಂತೋಷದ ವಿಷಯ. ಆದರೆ ಹುಮ್ಲಾದ ಮಗು ನಮ್ಮ ಪುಣ್ಯದ ಸಾಮಗ್ರಿಯಾದರೆ, ನಾವು ನಿಂತಿದ್ದ ಸಾಲಿನಲ್ಲಿ ಅದನ್ನು ನಿಲ್ಲಿಸಿ ನಾವು ಎದುರಿಗೆ ಹೋಗಿ ನಿಂತಂತೆ.

ಭಗವಾನರ ಬದುಕನ್ನೇ ನೋಡಿ. ಸಿದ್ಧಾರ್ಥ ಹುಟ್ಟಿದ ಏಳನೇ ದಿನಕ್ಕೆ ತಾಯಿ ಮಹಾಮಾಯಾ ತೀರಿಕೊಂಡರು. ಸಾಕಿದ್ದು ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ. ಬಾಬಾಸಾಹೇಬರು ಐದಾರು ವರ್ಷದವರಿದ್ದಾಗ ತಾಯಿ ಭೀಮಾಬಾಯಿ ತೀರಿಕೊಂಡರು. ಎತ್ತಿ ಆಡಿಸಿದ್ದು ಸೋದರತ್ತೆ ಮೀರಾ. ನಮ್ಮ ಇಬ್ಬರು ಗುರುಗಳೂ ತಾಯಿಯಿಲ್ಲದ ಮಕ್ಕಳು. ಇಬ್ಬರನ್ನೂ ಉಳಿಸಿದ್ದು ಬಂಧುಗಳ ಮಡಿಲು. ಇನ್ನು ರಾಹುಲನಿಗೆ ಪ್ರವ್ರಜ್ಯೆ ಕೊಟ್ಟಾಗ ಅಜ್ಜ ಶುದ್ಧೋದನನಿಗಾದ ಸಂಕಟ ವಿನಯಪಿಟಕದಲ್ಲಿದೆ. ಅವನ ಬೇಡಿಕೆ ಕೇಳಿ, ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಸಂಘಕ್ಕೆ ತೆಗೆದುಕೊಳ್ಳಬಾರದು ಎಂದು ಭಗವಾನರು ನಿಯಮ ಮಾಡಿದರು. ಧಮ್ಮಕ್ಕಾಗಿ ಕೂಡ ಮಗುವನ್ನು ಮನೆಯವರಿಂದ ಕಿತ್ತುಕೊಳ್ಳುವಂತಿಲ್ಲ ಎಂದ ಮೇಲೆ, ನಮ್ಮ ಎರಡು ವಾರದ ಸೇವೆಗಾಗಿ ಕಿತ್ತುಕೊಳ್ಳಬಹುದೇ? ಕೊಡದಿದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಎರಡನೇ ಶೀಲ ವಸ್ತುಗಳಿಗೆ ಮಾತ್ರವೇ?

ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ನಿಜವಾಗಿಯೂ ಯಾರೂ ಇಲ್ಲದ ಮಕ್ಕಳು ಇಲ್ಲವೇ? ಇದ್ದಾರೆ. ಎಲ್ಲರೂ ಹೋಗುವುದು ನಿಲ್ಲಿಸಿದರೆ ಈ ರಾತ್ರಿ ಆ ಮನೆಯ ಮಕ್ಕಳ ಊಟದ ಗತಿ ಏನು? ಈ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಒಮ್ಮೆಲೇ ಬೀಗ ಹಾಕಿದರೆ ಮಕ್ಕಳು ಬೀದಿಗೆ ಬೀಳುತ್ತಾರೆ. ಮನೆ ಹುಡುಕಿ, ಬಂಧುಗಳನ್ನು ಹುಡುಕಿ, ನಿಧಾನವಾಗಿ ಕಳಿಸಬೇಕು. ಯಾರೂ ಸಿಗದ ಮಗುವಿಗೆ ಸಾಕು ಕುಟುಂಬ ಬೇಕು. ಆ ಕೆಲಸಕ್ಕೆ ಊರಿನ ಭಾಷೆ ಬಲ್ಲ, ಅಲ್ಲೇ ಉಳಿಯುವ ಜನ ಬೇಕು. ಎರಡು ವಾರಕ್ಕೆ ಬರುವವರು ಅದನ್ನು ಮಾಡಲಾರರು. ಅಂಥ ಕೆಲಸ ಮಾಡುವವರಿಗೆ ಹಣ ಕೊಡಬಹುದು.

ಆದ್ದರಿಂದ ನಮ್ಮ ತಂಗಿಗೆ ನನ್ನ ಮಾತು ಇಷ್ಟು. ಲುಂಬಿನಿಗೆ ಖಂಡಿತ ಹೋಗಿ. ಕಠ್ಮಂಡುವಿಗೂ ಹೋಗಿ. 1956ರ ನವೆಂಬರಿನಲ್ಲಿ, ಪರಿನಿಬ್ಬಾಣಕ್ಕೆ ಕೆಲವೇ ದಿನ ಮೊದಲು, ಬಾಬಾಸಾಹೇಬರು ವಿಶ್ವ ಬೌದ್ಧ ಸಮ್ಮೇಳನದಲ್ಲಿ ಬುದ್ಧ ಮತ್ತು ಮಾರ್ಕ್ಸ್ ಬಗ್ಗೆ ಮಾತಾಡಿದ ಊರು ಅದು. ನಮಗೆ ನೇಪಾಳಕ್ಕೆ ವೀಸಾ ಬೇಕಿಲ್ಲ, ಗಡಿಯಲ್ಲಿ ಯಾಕೆ ಬಂದಿರಿ ಎಂದು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಆದ್ದರಿಂದ ನಾವೇ ಕೇಳಿಕೊಳ್ಳಬೇಕು:

1. ಈ ಮಗುವಿನ ತಾಯಿತಂದೆ, ಬಂಧುಗಳು ಎಲ್ಲಿದ್ದಾರೆ? ಅವರನ್ನು ಹುಡುಕಲು ಈ ಸಂಸ್ಥೆ ಏನು ಮಾಡಿದೆ?
2. ಇದೇ ಹಣ ತಾಯಿಯ ಕೈಗೆ ಸಿಕ್ಕಿದ್ದರೆ ಮಗು ಮನೆಯಲ್ಲೇ ಇರುತ್ತಿತ್ತೇ?
3. ಅಪರಿಚಿತಳಾದ ನನ್ನನ್ನು ವಿಚಾರಿಸದೆ ಮಕ್ಕಳ ಬಳಿ ಬಿಡುವವರು ಇನ್ನು ಯಾರನ್ನು ಬಿಡುತ್ತಾರೆ?
4. ಫೋಟೋ ತೆಗೆಯುವಂತಿಲ್ಲ, ಯಾರಿಗೂ ಹೇಳುವಂತಿಲ್ಲ ಎಂದರೂ ನಾನು ಹೋಗುತ್ತೇನೆಯೇ?

ಎರಡು ತಿಂಗಳ ಬಿಡುವಿನಲ್ಲಿ ಇನ್ನೊಂದು ಕೆಲಸವೂ ಸಾಧ್ಯ. ನಮ್ಮ ಕೇರಿಯಲ್ಲೇ ಗಂಡ ತೀರಿಹೋಗಿ, ಮಕ್ಕಳನ್ನು ಎಲ್ಲಾದರೂ ಸೇರಿಸಿಬಿಡೋಣ ಎಂದುಕೊಂಡ ತಾಯಂದಿರಿದ್ದಾರೆ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎನ್ನುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಅರ್ಹ ಮಗು ಮನೆಯಲ್ಲೇ ಬೆಳೆಯಲೆಂದು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಎಷ್ಟೋ ತಾಯಂದಿರಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೂ ಅರ್ಜಿ ತುಂಬಲು, ಕಚೇರಿಗೆ ಅಲೆಯಲು ಜೊತೆಗೆ ಯಾರೂ ಇಲ್ಲ. ಓದಿದ ಹೆಣ್ಣುಮಗಳೊಬ್ಬಳು ಜೊತೆಗೆ ನಾಲ್ಕು ಸಲ ಹೋದರೆ ಒಂದು ಮಗು ಅನಾಥವಾಗದೆ ಉಳಿಯುತ್ತದೆ. ಆ ಮಗು ನಿಮ್ಮನ್ನು ಓಡಿಬಂದು ತಬ್ಬಿಕೊಳ್ಳದಿರಬಹುದು. ಅಮ್ಮನ ಸೆರಗು ಹಿಡಿದು ಹಿಂದೆ ನಿಂತು ನೋಡಬಹುದು. ಅದಕ್ಕೇ ಅಲ್ಲವೇ ನಾವು ಕೆಲಸ ಮಾಡಿದ್ದು?

ಇಂದಿನ ಧ್ಯಾನಕ್ಕೆ: ಮೈತ್ರಿ ಭಾವನೆ ಮಾಡುವಾಗ ಮಗುವೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ಪಕ್ಕದಲ್ಲಿ ಅದರ ತಾಯಿಯನ್ನೂ ಕೂರಿಸಿ. ಇಬ್ಬರಿಗೂ ಒಟ್ಟಿಗೆ ಒಳಿತನ್ನು ಬಯಸಿ.

ಅಭಿಪ್ರಾಯಗಳನ್ನು ಭಾನುವಾರದ ಅಧ್ಯಯನದಲ್ಲಿ ಹಂಚಿಕೊಳ್ಳೋಣ.

ನಮೋ ಬುದ್ಧಾಯ. ಜೈ ಭೀಮ್.